ಕಟ್ಟುವ ಮುನ್ನ ಕಟ್ಟಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳಲ್ಲಿಯೂ ಮೊದಲು ಎಣಿಸಿದ್ದು ಒಂದು, ಕೊನೆಗೆ ಆಗುವುದು ಮತ್ತೊಂದು ಎಂಬುದು ಹಿರಿಯರ ಅನುಭವ. ಮದುವೆಯ ಮಾತು ಹಾಗಿರಲಿ. ಮನೆಯ ವಿಷಯದಲ್ಲಿ ಹೀಗೇಕೆ ಆಗುತ್ತದೆ ಎಂಬುದನ್ನು ಕೊಂಚ ವಿಚಾರ ಮಾಡೋಣ.

ಹೊಸ ಮನೆಯ ನಿವೇಶನದಲ್ಲಿ ಮೇಸ್ತ್ರಿಯು ಗೂಟಗಳನ್ನು ನೆಟ್ಟು, ದಾರ ಕಟ್ಟಿ, ಸುಣ್ಣದ ಪುಡಿಯಿಂದ ಗೆರೆ ಎಳೆಯುವುದನ್ನು ನೀವು ನೋಡಿರಬಹುದು. ಆ ಬಿಳಿಯ ಗೆರೆಗಳ ನಡುವೆ ನಿಂತು ಯಜಮಾನನು ‘ಇದು ನಡುಮನೆ, ಇದು ಅಡಿಗೆಮನೆ, ಇದು ದೇವರ ಕೋಣೆ’ ಎಂದು ಮನೆಯವರಿಗೆಲ್ಲ ತೋರಿಸುತ್ತಾನೆ. ಅವನ ಕಣ್ಣಿಗೆ ಕಾಣುವ ಮನೆಯೇ ಬೇರೆ. ಮೇಸ್ತ್ರಿಯ ಮನಸ್ಸಿನಲ್ಲಿರುವ ಮನೆಯೇ ಬೇರೆ. ಕೊಳಾಯಿ ಕೆಲಸದವನು ಊಹಿಸಿಕೊಂಡಿರುವ ಮನೆಯೇ ಬೇರೆ. ಈ ಮೂರೂ ಒಂದೇ ಎಂದು ಎಲ್ಲರೂ ನಂಬಿರುತ್ತಾರೆ. ಅವು ಒಂದಲ್ಲವೆಂಬುದು ತಿಳಿಯುವುದು ಗೋಡೆಗಳು ಎದ್ದು ನಿಂತು, ತಾರಸಿ ಹಾಕಿದ ಮೇಲೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡಂತಸ್ತಿನ ಮನೆಯೊಂದರ ಮೇಲಂತಸ್ತಿನಲ್ಲಿ ಬಚ್ಚಲುಮನೆ ಇದೆ. ಅದರ ನೀರು ಹರಿದುಹೋಗಲು ಕೊಳವೆ ಬೇಕು. ಕೊಳವೆಗೆ ಇಳಿಜಾರು ಬೇಕು. ಆ ದಾರಿಯಲ್ಲಿ ಕಾಂಕ್ರೀಟಿನ ತೊಲೆಯೊಂದು ಅಡ್ಡ ಬಂದಿದೆ. ತೊಲೆಯನ್ನು ಯೋಜಿಸಿದವನು ಕೊಳವೆಯ ನಕ್ಷೆಯನ್ನು ನೋಡಿರಲಿಲ್ಲ. ಕೊಳವೆಯನ್ನು ಯೋಜಿಸಿದವನು ತೊಲೆಯ ನಕ್ಷೆಯನ್ನು ನೋಡಿರಲಿಲ್ಲ. ಈಗ ಬೇರೆ ದಾರಿ ಕಾಣದೆ ಕೆಲಸಗಾರನು ಉಳಿ ಸುತ್ತಿಗೆಗಳನ್ನು ಹಿಡಿದು ತೊಲೆಯನ್ನೇ ಕೊರೆಯಲು ತೊಡಗುತ್ತಾನೆ. ಒಳಗಿರುವ ಕಬ್ಬಿಣದ ಸರಳೊಂದು ತುಂಡಾದರೂ ಆಯಿತು. ಗಿಲಾವು ಬಳಿದ ಮೇಲೆ ಆ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಆ ತೊಲೆಯ ಕೆಳಗೆ ಮುಂದೆ ಒಂದು ಕುಟುಂಬ ಮಲಗಿ ನಿದ್ರಿಸುತ್ತದೆ.

ಇಲ್ಲಿ ತಪ್ಪು ಯಾರದು? ಪ್ರತಿಯೊಬ್ಬನೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾನೆ. ಆದರೆ ಒಬ್ಬನಿಗೆ ತಿಳಿದದ್ದು ಮತ್ತೊಬ್ಬನಿಗೆ ತಿಳಿಯದೆ ಹೋಯಿತು. ಕಟ್ಟಡಗಳು ಸಿಮೆಂಟು ಇಟ್ಟಿಗೆಗಳ ಕೊರತೆಯಿಂದ ಕೆಡುವಂತೆಯೇ ತಿಳಿವಳಿಕೆಯ ಕೊರತೆಯಿಂದಲೂ ಕೆಡುತ್ತವೆ. ಈ ಕೊರತೆಯನ್ನು ನೀಗಲು ಹುಟ್ಟಿದ ವಿಧಾನವೇ ‘ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್’. ಕಟ್ಟಡಕ್ಕೆ ಸಂಬಂಧಿಸಿದ ಮಾಹಿತಿಯನ್ನೆಲ್ಲ ಒಡಲಲ್ಲಿಟ್ಟುಕೊಂಡ ಮಾದರಿಯೊಂದನ್ನು ಗಣಕಯಂತ್ರದಲ್ಲಿ ರಚಿಸುವುದು ಎಂದು ಇದರ ಅರ್ಥ. ಈ ವಿಧಾನವನ್ನು ಬಳಸುವವರು ಇದನ್ನು ಸಂಕ್ಷೇಪವಾಗಿ ‘ಬಿಮ್’ ಎಂದು ಕರೆಯುತ್ತಾರೆ.

ಗೆರೆಗೂ ಗೋಡೆಗೂ ಇರುವ ಅಂತರ

ಮನುಷ್ಯನು ಶತಮಾನಗಳಿಂದಲೂ ಕಟ್ಟಡಗಳ ನಕ್ಷೆಗಳನ್ನು ಬರೆಯುತ್ತ ಬಂದಿದ್ದಾನೆ. ಒಂದು ಕಟ್ಟಡಕ್ಕೆ ಒಂದೇ ನಕ್ಷೆ ಸಾಲದು. ಮೇಲಿನಿಂದ ನೋಡಿದಂತೆ ಒಂದು, ಎದುರಿನಿಂದ ನೋಡಿದಂತೆ ಒಂದು, ನಡುವೆ ಸೀಳಿ ನೋಡಿದಂತೆ ಮತ್ತೊಂದು, ಹೀಗೆ ಹಲವು ಹಾಳೆಗಳು ಬೇಕಾಗುತ್ತವೆ. ಕಂಬ ತೊಲೆಗಳಿಗೆ, ನೀರಿನ ಕೊಳವೆಗಳಿಗೆ, ವಿದ್ಯುತ್ ತಂತಿಗಳಿಗೆ ಬೇರೆ ಬೇರೆ ಹಾಳೆಗಳುಂಟು. ಕಿಟಕಿಯೊಂದನ್ನು ಅರ್ಧ ಮೀಟರು ಸರಿಸಬೇಕಾದರೆ ಅದು ಕಾಣಿಸಿಕೊಂಡಿರುವ ಎಲ್ಲ ಹಾಳೆಗಳನ್ನೂ ತಿದ್ದಬೇಕು. ಒಂದನ್ನು ತಿದ್ದಲು ಮರೆತರೆ ಆ ಹಾಳೆಯು ಸುಳ್ಳು ಹೇಳುತ್ತದೆ. ಅದನ್ನು ಕೈಯಲ್ಲಿ ಹಿಡಿದ ಕೆಲಸಗಾರನಿಗೆ ಅದು ಸುಳ್ಳೆಂದು ತಿಳಿಯುವ ಬಗೆಯಾದರೂ ಹೇಗೆ?

ಇದಲ್ಲದೆ, ಗೆರೆಗೆ ತಾನು ಏನೆಂಬುದು ಗೊತ್ತಿಲ್ಲ. ಕಾಗದದ ಮೇಲೆ ಎಳೆದ ಎರಡು ಸಮಾನಾಂತರ ರೇಖೆಗಳು ಗೋಡೆಯೂ ಆಗಬಹುದು, ರಸ್ತೆಯೂ ಆಗಬಹುದು, ಏಣಿಯ ಎರಡು ಕಾಲುಗಳೂ ಆಗಬಹುದು. ಅವು ಗೋಡೆ ಎಂದು ತಿಳಿಯುವುದು ನೋಡುವವನ ಬುದ್ಧಿಗೇ ಹೊರತು ಕಾಗದಕ್ಕಲ್ಲ.

ಮಾಹಿತಿಯುಳ್ಳ ಮಾದರಿಯಲ್ಲಿ ಹೀಗಲ್ಲ. ಅಲ್ಲಿ ನಾವು ಗೆರೆಗಳನ್ನು ಎಳೆಯುವುದಿಲ್ಲ, ಗೋಡೆಯನ್ನೇ ನಿಲ್ಲಿಸುತ್ತೇವೆ. ಅದರ ಉದ್ದ, ಎತ್ತರ, ದಪ್ಪ, ಅದು ಇಟ್ಟಿಗೆಯದೋ ಕಲ್ಲಿನದೋ, ಯಾವ ಅಂತಸ್ತಿಗೆ ಸೇರಿದ್ದು, ಭಾರ ಹೊರುವ ಗೋಡೆಯೋ ಬರಿಯ ಅಡ್ಡಗೋಡೆಯೋ ಎಂಬ ಸಂಗತಿಗಳೆಲ್ಲ ಅದರೊಡನೆಯೇ ಇರುತ್ತವೆ. ಬಾಗಿಲನ್ನು ಅದರಲ್ಲಿ ಇರಿಸಿದರೆ ಗೋಡೆಯು ಅಷ್ಟು ಜಾಗವನ್ನು ತಾನೇ ತೆರೆದುಕೊಡುತ್ತದೆ. ಬಾಗಿಲನ್ನು ಸರಿಸಿದರೆ ತೆರವು ಕೂಡ ಅದರೊಡನೆ ಸರಿಯುತ್ತದೆ. ಮೇಲಿನ ನೋಟ, ಎದುರು ನೋಟ, ಸೀಳುನೋಟಗಳೆಲ್ಲ ಒಂದೇ ಮಾದರಿಯಿಂದ ಹೊರಡುವುದರಿಂದ ಒಂದು ಕಡೆ ಮಾಡಿದ ಬದಲಾವಣೆ ಎಲ್ಲ ಕಡೆಯೂ ಕಾಣಿಸುತ್ತದೆ.

ಬೆಳೆದುಬಂದ ಬಗೆ

ಈ ವಿಚಾರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1963ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಐವಾನ್ ಸದರ್ಲೆಂಡ್ ಎಂಬುವರು ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ರಚಿಸಿದರು. ಬೆಳಕಿನ ಲೇಖನಿಯೊಂದನ್ನು ಹಿಡಿದು ಗಣಕಯಂತ್ರದ ತೆರೆಯ ಮೇಲೆ ಚಿತ್ರ ಬರೆಯುವುದು ಅದರಿಂದ ಸಾಧ್ಯವಾಯಿತು. ಆದರೆ ತೆರೆಯ ಮೇಲೆ ಬರೆದ ಗೆರೆಯೂ ಗೆರೆಯೇ ಅಲ್ಲವೆ?

ಮುಂದಿನ ಹೆಜ್ಜೆಯನ್ನು ಇಟ್ಟವರು ಚಾರ್ಲ್ಸ್ ಈಸ್ಟ್‌ಮನ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿದ್ದ ಅವರು 1975ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಟ್ಟಡವನ್ನು ನಕ್ಷೆಗಳ ಮೂಲಕ ವರ್ಣಿಸುವ ಬದಲು ಅದರ ಅಂಗಾಂಗಗಳ ಮೂಲಕ ಗಣಕಯಂತ್ರದಲ್ಲಿಯೇ ವರ್ಣಿಸಬಹುದೆಂದು ತೋರಿಸಿದರು. ಒಮ್ಮೆ ಮಾಡಿದ ತಿದ್ದುಪಡಿಯು ಎಲ್ಲ ನಕ್ಷೆಗಳಿಗೂ ಅನ್ವಯವಾಗುವುದು, ಸಾಮಗ್ರಿಗಳ ಲೆಕ್ಕ ಅದರಿಂದಲೇ ದೊರೆಯುವುದು, ಈ ಎರಡೂ ಅವರ ಆಲೋಚನೆಯಲ್ಲಿ ಆಗಲೇ ಇದ್ದವು. 1980ರ ದಶಕದಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್ ನಗರದ ಗ್ರಾಫಿಸಾಫ್ಟ್ ಸಂಸ್ಥೆಯು ಸಣ್ಣ ಗಣಕಯಂತ್ರಗಳಲ್ಲಿ ನಡೆಯುವ ಆರ್ಕಿಕ್ಯಾಡ್ ಎಂಬ ತಂತ್ರಾಂಶವನ್ನು ಹೊರತಂದಿತು. 2000ದಲ್ಲಿ ಅಮೆರಿಕದಲ್ಲಿ ರೆವಿಟ್ ಎಂಬ ಮತ್ತೊಂದು ತಂತ್ರಾಂಶ ಬಳಕೆಗೆ ಬಂತು. ಬ್ರಿಟನ್ ಸರ್ಕಾರವು 2016ರಿಂದ ಕೇಂದ್ರೀಯ ಇಲಾಖೆಗಳ ನಿರ್ಮಾಣ ಕಾರ್ಯಗಳಲ್ಲಿ ಈ ವಿಧಾನವನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದಲ್ಲಿ, 2019ರಲ್ಲಿ ಸಂಚಾರಕ್ಕೆ ತೆರೆದ ನಾಗಪುರದ ಮೆಟ್ರೋ ರೈಲು ಮಾರ್ಗದ ನಿರ್ಮಾಣದಲ್ಲಿ ಆಕಾರದೊಡನೆ ಕಾಲ ಮತ್ತು ವೆಚ್ಚಗಳ ಲೆಕ್ಕವನ್ನೂ ಮಾದರಿಗೆ ಸೇರಿಸಿ ಕೆಲಸ ನಡೆಸಿದರು.

ಮೊದಲ ಪಾಠ: ಒಂದು ಕೋಣೆ

ಇಷ್ಟು ದೊಡ್ಡ ಕೆಲಸಗಳ ಹೆಸರು ಕೇಳಿ ಎದೆಗುಂದಬೇಕಾಗಿಲ್ಲ. ಅ ಆ ಇ ಈ ತಿದ್ದದೆ ಯಾರೂ ಕಾವ್ಯವನ್ನು ಓದಿದವರಿಲ್ಲ. ಹೊಸಬರು ಒಂದೇ ಒಂದು ಕೋಣೆಯಿಂದ ಆರಂಭಿಸುವುದು ಉತ್ತಮ. ಇದಕ್ಕೆ ಬೆಲೆಬಾಳುವ ತಂತ್ರಾಂಶವೇ ಬೇಕೆಂದೇನೂ ಇಲ್ಲ. ಫ್ರೀಕ್ಯಾಡ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. 2024ರ ನವೆಂಬರಿನಲ್ಲಿ ಹೊರಬಂದ ಅದರ 1.0 ಆವೃತ್ತಿಯಲ್ಲಿ ಕಟ್ಟಡದ ಮಾದರಿಗಳನ್ನು ರಚಿಸುವ ವಿಭಾಗವು ಅಡಕವಾಗಿಯೇ ಇದೆ. ತಂತ್ರಾಂಶ ಯಾವುದಾದರೂ ಆಗಲಿ, ಕೆಲಸದ ಕ್ರಮ ಹೆಚ್ಚುಕಡಮೆ ಒಂದೇ.

ಮೊದಲನೆಯದಾಗಿ, ಅಳತೆಯ ಮಾನವನ್ನು ಗೊತ್ತುಪಡಿಸಬೇಕು. ಮಿಲಿಮೀಟರಿನಲ್ಲಿ ಅಳೆಯುವುದೋ ಮೀಟರಿನಲ್ಲೋ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ 3 ಮೀಟರಿನ ಗೋಡೆಯು 3 ಮಿಲಿಮೀಟರಿನದಾಗಿ ಇರುವೆಗಿಂತ ಚಿಕ್ಕದಾಗಿ ಕುಳಿತಿರುತ್ತದೆ. ಹೊಸಬರು ‘ಗೋಡೆ ಕಾಣಿಸುತ್ತಲೇ ಇಲ್ಲವಲ್ಲ’ ಎಂದು ಕಂಗೆಡುವುದು ಅನೇಕ ವೇಳೆ ಈ ಕಾರಣದಿಂದಲೇ.

ಎರಡನೆಯದಾಗಿ, ಮಟ್ಟಗಳನ್ನು ಸ್ಥಾಪಿಸಬೇಕು. ನೆಲದ ಮಟ್ಟ ಸೊನ್ನೆ, ತಾರಸಿಯ ತಳದ ಮಟ್ಟ 3 ಮೀಟರು ಎಂದಿಟ್ಟುಕೊಳ್ಳೋಣ. ಗೋಡೆಯು ಒಂದು ಮಟ್ಟದಿಂದ ಹೊರಟು ಇನ್ನೊಂದು ಮಟ್ಟವನ್ನು ಮುಟ್ಟುವಂತೆ ಹೇಳಿದರೆ, ಮುಂದೆ ತಾರಸಿಯನ್ನು ಎತ್ತರಿಸಿದಾಗ ಗೋಡೆಯೂ ತಾನಾಗಿ ಬೆಳೆಯುತ್ತದೆ. ಮೇಸ್ತ್ರಿಯು ಮೊದಲು ಮಟ್ಟ ನೋಡಿ ಆಮೇಲೆ ಇಟ್ಟಿಗೆ ಇಡುವಂತೆ ಇಲ್ಲಿಯೂ ಮಟ್ಟವೇ ಮೊದಲು.

ಮೂರನೆಯದಾಗಿ, ಗೋಡೆಗಳನ್ನು ನಿಲ್ಲಿಸಬೇಕು. ನಮ್ಮ ಕೋಣೆಯ ಒಳ ಅಳತೆ 4 ಮೀಟರು ಉದ್ದ, 3 ಮೀಟರು ಅಗಲ. ಗೋಡೆಯ ದಪ್ಪ 200 ಮಿಲಿಮೀಟರು ಆಗಿರಲಿ. ಅನಂತರ 0.9 ಮೀಟರು ಅಗಲ, 2.1 ಮೀಟರು ಎತ್ತರದ ಒಂದು ಬಾಗಿಲನ್ನೂ, 1.2 ಮೀಟರು ಅಗಲ, ಅಷ್ಟೇ ಎತ್ತರದ ಎರಡು ಕಿಟಕಿಗಳನ್ನೂ ಇಟ್ಟು, ಮೇಲೆ ತಾರಸಿಯನ್ನು ಹಾಕಿದರೆ ಕೋಣೆ ಸಿದ್ಧವಾಯಿತು.

ಈಗ ತಂತ್ರಾಂಶವನ್ನು ‘ಗೋಡೆಯ ಘನ ಅಳತೆ ಎಷ್ಟು?’ ಎಂದು ಕೇಳಿದರೆ ಅದು ಕೂಡಲೇ ಉತ್ತರ ಕೊಡುತ್ತದೆ. ಆದರೆ ಅದನ್ನು ಕೇಳುವ ಮೊದಲು ನಾವೇ ಲೆಕ್ಕ ಹಾಕಿ ನೋಡೋಣ. ಗೋಡೆಯ ನಡುರೇಖೆಯ ಒಟ್ಟು ಉದ್ದ 4.2 ಮತ್ತು 3.2ರ ಮೊತ್ತದ ಎರಡರಷ್ಟು, ಎಂದರೆ 14.8 ಮೀಟರು. ಇದನ್ನು ದಪ್ಪ 0.2ರಿಂದಲೂ ಎತ್ತರ 3ರಿಂದಲೂ ಗುಣಿಸಿದರೆ 8.88 ಘನ ಮೀಟರು. ಬಾಗಿಲು ಕಿಟಕಿಗಳ ವಿಸ್ತೀರ್ಣ 4.77 ಚದರ ಮೀಟರು. ಅವುಗಳ ತೆರವು 0.954 ಘನ ಮೀಟರು. ಅದನ್ನು ಕಳೆದರೆ ಉಳಿಯುವುದು 7.926 ಘನ ಮೀಟರು. 190 ಮಿಲಿಮೀಟರು ಉದ್ದ, ಅಗಲ ಎತ್ತರಗಳೆರಡೂ 90 ಮಿಲಿಮೀಟರು ಇರುವ ಇಟ್ಟಿಗೆಗಳನ್ನು 10 ಮಿಲಿಮೀಟರು ಗಾರೆಯೊಡನೆ ಕಟ್ಟಿದರೆ ಒಂದು ಘನ ಮೀಟರಿಗೆ 500 ಇಟ್ಟಿಗೆ ಬೇಕು. ಆದುದರಿಂದ ನಮ್ಮ ಕೋಣೆಗೆ 3963 ಇಟ್ಟಿಗೆಗಳು. ಒಡೆದುಹೋಗುವ ಇಟ್ಟಿಗೆಗಳನ್ನೂ, ಬಾಗಿಲು ಕಿಟಕಿಗಳ ತಲೆಯ ಮೇಲೆ ಬರುವ ಕಾಂಕ್ರೀಟನ್ನೂ ಇಲ್ಲಿ ಗಣನೆಗೆ ತೆಗೆದುಕೊಂಡಿಲ್ಲ.

ಅಷ್ಟರಲ್ಲಿ ಮನೆಯ ಅಜ್ಜಿ ‘ಗಾಳಿ ಸಾಲದು, ಇನ್ನೊಂದು ಕಿಟಕಿ ಬೇಕು’ ಎನ್ನುತ್ತಾರೆಂದು ಭಾವಿಸಿ. ಮಾದರಿಯಲ್ಲಿ ಮೂರನೆಯ ಕಿಟಕಿಯನ್ನು ಇಟ್ಟೊಡನೆ ನಕ್ಷೆಗಳು ಬದಲಾಗುತ್ತವೆ. ಗೋಡೆಯ ಅಳತೆ 0.288 ಘನ ಮೀಟರಿನಷ್ಟು ಇಳಿಯುತ್ತದೆ. ಇಟ್ಟಿಗೆಯ ಸಂಖ್ಯೆ 144 ಕಡಮೆಯಾಗಿ 3819 ಆಗುತ್ತದೆ. ಕಟ್ಟಿದ ಗೋಡೆಯನ್ನು ಒಡೆಯದೆ, ಒಂದು ಇಟ್ಟಿಗೆಯನ್ನೂ ಹಾಳುಮಾಡದೆ ಅಜ್ಜಿಯ ಮಾತನ್ನು ನಡೆಸಿಕೊಟ್ಟಂತಾಯಿತು.

ನಾವೇ ಲೆಕ್ಕ ಹಾಕಿದ್ದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಹೊಸಬರು ನಾಲ್ಕು ಗೋಡೆಗಳನ್ನೂ ಹೊರ ಅಳತೆಯಂತೆ ಪೂರ್ತಿ ಉದ್ದಕ್ಕೆ ಎಳೆದು, ಮೂಲೆಗಳಲ್ಲಿ ಸರಿಯಾಗಿ ಕೂಡಿಸದೆ ಬಿಡುವುದುಂಟು. ಆಗ ಪ್ರತಿಯೊಂದು ಮೂಲೆಯೂ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಕೋಣೆಯಲ್ಲಿ ಹೀಗಾದರೆ 0.48 ಘನ ಮೀಟರು, ಎಂದರೆ 240 ಇಟ್ಟಿಗೆಗಳು ಹೆಚ್ಚಾಗಿ ಬರುತ್ತವೆ. ತೆರೆಯ ಮೇಲೆ ಕೋಣೆಯೇನೋ ಅಂದವಾಗಿಯೇ ಕಾಣುತ್ತದೆ. ಕೈಲೆಕ್ಕವನ್ನು ಬಲ್ಲವನಿಗೆ ಮಾತ್ರ ಆ ತಪ್ಪು ಗೋಚರಿಸುತ್ತದೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಗೋಡೆಯಂತೆ ಕಾಣುವ ಬರಿಯ ಪೆಟ್ಟಿಗೆಯ ಆಕಾರವೊಂದನ್ನು ರಚಿಸಿ ಬಿಟ್ಟರೆ ಅದು ಗೋಡೆಯಾಗುವುದಿಲ್ಲ. ಅದನ್ನು ಗೋಡೆ ಎಂದು ಹೆಸರಿಸಿ, ಅದರ ಸಾಮಗ್ರಿಯನ್ನು ತಿಳಿಸಿದಾಗ ಮಾತ್ರ ಅದು ಲೆಕ್ಕಕ್ಕೆ ಒದಗುತ್ತದೆ. ಮೇಜು ಕುರ್ಚಿ, ಹೂಕುಂಡಗಳನ್ನು ಇಟ್ಟು ಕೋಣೆಯನ್ನು ಸಿಂಗರಿಸುವ ಚಪಲ ಹೊಸಬರಿಗೆ ಸಹಜ. ಗೋಡೆಯೇ ಇನ್ನೂ ಸರಿಯಾಗಿಲ್ಲದಿರುವಾಗ ಸಿಂಗಾರದಿಂದ ಪ್ರಯೋಜನವಿಲ್ಲ.

ತೊಲೆಯೂ ಕೊಳವೆಯೂ

ಈಗ ಮೊದಲು ಹೇಳಿದ ತೊಲೆ ಮತ್ತು ಕೊಳವೆಯ ಪ್ರಸಂಗಕ್ಕೆ ಹಿಂದಿರುಗೋಣ. ಒಬ್ಬರು ತೊಲೆಗಳ ಮಾದರಿಯನ್ನೂ, ಮತ್ತೊಬ್ಬರು ಕೊಳವೆಗಳ ಮಾದರಿಯನ್ನೂ ರಚಿಸುತ್ತಾರೆ. ಎರಡನ್ನೂ ಒಂದರೊಳಗೊಂದು ಸೇರಿಸಿದಾಗ, ಒಂದೇ ಜಾಗವನ್ನು ಎರಡು ವಸ್ತುಗಳು ಆಕ್ರಮಿಸಿರುವ ಕಡೆಗಳನ್ನೆಲ್ಲ ತಂತ್ರಾಂಶವು ಹುಡುಕಿ ಪಟ್ಟಿಮಾಡಿ ಕೊಡುತ್ತದೆ. ಆಗ ಎಂಜಿನಿಯರೂ ಕೊಳಾಯಿ ಕೆಲಸದವನೂ ಒಂದು ಕಡೆ ಕುಳಿತು ಮಾತನಾಡಿ, ಕೊಳವೆಯ ದಾರಿಯನ್ನು ಬದಲಿಸಬಹುದು. ಇಬ್ಬರೂ ಬೇರೆ ಬೇರೆ ತಂತ್ರಾಂಶಗಳನ್ನು ಬಳಸಿದ್ದರೂ ಅಡ್ಡಿಯಿಲ್ಲ. ‘ಐಎಫ್‌ಸಿ’ ಎಂಬ ಸಾಮಾನ್ಯ ರೂಪದಲ್ಲಿ ಮಾಹಿತಿಯನ್ನು ಒಂದರಿಂದ ಮತ್ತೊಂದಕ್ಕೆ ಸಾಗಿಸುವ ಏರ್ಪಾಡಿದೆ. 2013ರಲ್ಲಿ ಇದು ಪೂರ್ಣ ಪ್ರಮಾಣದ ಅಂತರರಾಷ್ಟ್ರೀಯ ಮಾನಕವಾಯಿತು. ಬೇರೆ ಬೇರೆ ಭಾಷೆಯವರು ಒಂದು ಸಾಮಾನ್ಯ ಭಾಷೆಯಲ್ಲಿ ವ್ಯವಹರಿಸಿದಂತೆ ಇದು.

ಯಂತ್ರದ ಮಿತಿ

ಹಾಗಾದರೆ ಇನ್ನು ಮೇಲೆ ಕಟ್ಟಡಗಳಲ್ಲಿ ತಪ್ಪೇ ಆಗದೆ? ಈ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಒಂದು ದುರಂತವನ್ನು ಸ್ಮರಿಸಬೇಕು. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ವಿಶಾಲವಾದ ಹಜಾರದಲ್ಲಿ ಎರಡನೆಯ ಮತ್ತು ನಾಲ್ಕನೆಯ ಅಂತಸ್ತುಗಳ ಕಾಲುಸೇತುವೆಗಳು ಒಂದರ ಕೆಳಗೊಂದು ಉಕ್ಕಿನ ಸರಳುಗಳಿಂದ ತೂಗುತ್ತಿದ್ದವು. ಚಾವಣಿಯಿಂದ ಇಳಿಬಿಟ್ಟ ಒಂದೇ ಸರಳು ಎರಡು ಸೇತುವೆಗಳನ್ನೂ ಹಾಯ್ದು ಬರಬೇಕೆಂಬುದು ಮೊದಲಿನ ಯೋಜನೆ. ನಿರ್ಮಾಣದ ಅನುಕೂಲಕ್ಕಾಗಿ ಅದನ್ನು ಬದಲಿಸಿ, ಮೇಲಿನ ಸೇತುವೆಯನ್ನು ಚಾವಣಿಗೂ, ಕೆಳಗಿನ ಸೇತುವೆಯನ್ನು ಮೇಲಿನ ಸೇತುವೆಗೂ ಬೇರೆ ಬೇರೆ ಸರಳುಗಳಿಂದ ತೂಗುಹಾಕಿದರು.

ಈ ಬದಲಾವಣೆ ಅಲ್ಪವೆಂದು ತೋರಬಹುದು. ಬಾವಿಯೊಳಗೆ ಇಳಿಬಿಟ್ಟ ಹಗ್ಗವೊಂದನ್ನು ಇಬ್ಬರು ಹಿಡಿದು ತೂಗುತ್ತಿದ್ದಾರೆನ್ನಿ. ಇಬ್ಬರೂ ಹಗ್ಗವನ್ನೇ ಹಿಡಿದಿದ್ದರೆ ಒಬ್ಬೊಬ್ಬನ ಕೈಯೂ ಅವನವನ ಭಾರವನ್ನು ಮಾತ್ರ ಹೊರುತ್ತದೆ. ಕೆಳಗಿನವನು ಹಗ್ಗವನ್ನು ಬಿಟ್ಟು ಮೇಲಿನವನ ಕಾಲನ್ನು ಹಿಡಿದುಕೊಂಡರೆ ಮೇಲಿನವನ ಕೈ ಇಬ್ಬರ ಭಾರವನ್ನೂ ಹೊರಬೇಕು. ಹೋಟೆಲಿನಲ್ಲಿ ಆದದ್ದು ಇದೇ. ಮೇಲಿನ ಸೇತುವೆಯ ಜೋಡಣೆಯ ಮೇಲೆ ಎರಡರಷ್ಟು ಭಾರ ಬಿತ್ತು. ಮೊದಲಿನ ಯೋಜನೆಯೇ ನಿಯಮಕ್ಕೆ ತಕ್ಕಷ್ಟು ಬಲವಾಗಿರಲಿಲ್ಲವೆಂದು ಅನಂತರದ ತನಿಖೆಯಲ್ಲಿ ತಿಳಿಯಿತು. ಬದಲಾವಣೆಯು ಅದನ್ನು ಇನ್ನಷ್ಟು ದುರ್ಬಲಗೊಳಿಸಿತ್ತು. ಬದಲಾದ ಜೋಡಣೆಯ ಬಲವನ್ನು ಯಾರೂ ಲೆಕ್ಕ ಹಾಕಿ ನೋಡಲಿಲ್ಲ. 1981ರ ಜುಲೈ 17ರ ಸಂಜೆ ಹಜಾರದಲ್ಲಿ ಜನ ನೆರೆದು ಸಂಭ್ರಮಿಸುತ್ತಿದ್ದಾಗ ಸೇತುವೆಗಳು ಕುಸಿದುಬಿದ್ದವು. 114 ಮಂದಿ ಪ್ರಾಣ ಕಳೆದುಕೊಂಡರು. ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು.

ಅಂದು ಗಣಕಯಂತ್ರದಲ್ಲಿ ಮಾದರಿಯಿದ್ದಿದ್ದರೆ ಈ ದುರಂತ ತಪ್ಪುತ್ತಿತ್ತೆ? ಹಾಗೆಂದು ಹೇಳಲಾಗದು. ಆ ಸರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದಿರಲಿಲ್ಲ. ಸೇರಬೇಕಾದ ಕಡೆಯಲ್ಲಿಯೇ ಸೇರಿದ್ದವು. ಎರಡು ವಸ್ತುಗಳು ಒಂದೇ ಜಾಗದಲ್ಲಿದ್ದರೆ ಮಾದರಿಯು ಎಚ್ಚರಿಸುತ್ತದೆ. ಆದರೆ ‘ಈ ಜೋಡಣೆ ಭಾರವನ್ನು ತಾಳುವುದೇ?’ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಬೇಕು. ಆ ಲೆಕ್ಕವನ್ನು ಯಾರಾದರೂ ಮಾಡಬೇಕು. ಬದಲಾವಣೆಯನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಮಾಡುವುದು ಯಂತ್ರದ ಕೆಲಸ. ಅದರ ಪರಿಣಾಮವನ್ನು ವಿಚಾರಿಸುವುದು ಮನುಷ್ಯನ ಕೆಲಸ. ಯಂತ್ರಕ್ಕೆ ತಪ್ಪು ಮಾಹಿತಿಯನ್ನು ಕೊಟ್ಟರೆ ಅದು ಆ ತಪ್ಪನ್ನೇ ಅಂದವಾಗಿ, ಬಣ್ಣ ಬಣ್ಣವಾಗಿ ತೋರಿಸುತ್ತದೆ.

ಆದುದರಿಂದ ಈ ವಿದ್ಯೆಯನ್ನು ಕಲಿಯಬೇಕೆನ್ನುವವರ ಮೊದಲ ಸಾಧನ ಗಣಕಯಂತ್ರವಲ್ಲ, ಅಳತೆಯ ಪಟ್ಟಿ. ನಿಮ್ಮ ತರಗತಿಯ ಕೋಣೆಯನ್ನೇ ಅಳೆದು ನೋಡಿ. ಗೋಡೆಯ ದಪ್ಪವೆಷ್ಟು, ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ತೊಲೆ ಎಲ್ಲಿ ಹಾದುಹೋಗಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಊರಿನಲ್ಲಿ ಮನೆ ಕಟ್ಟುತ್ತಿರುವ ಕಡೆ ನಿಂತು, ಮೇಸ್ತ್ರಿಯವರನ್ನು ವಿನಯದಿಂದ ಕೇಳಿ ತಿಳಿದುಕೊಳ್ಳಿ. ಗೋಡೆಯನ್ನು ಕಣ್ಣಾರೆ ಕಂಡು ಕೈಯಾರೆ ಅಳೆದವನು ತೆರೆಯ ಮೇಲೆ ನಿಲ್ಲಿಸುವ ಗೋಡೆ ಸುಳ್ಳಾಗುವುದು ಅಪರೂಪ.

ಮನೆ ಕಟ್ಟಿ ನೋಡು ಎಂದರು ನಮ್ಮ ಹಿರಿಯರು. ಕಟ್ಟುವ ಮುನ್ನವೇ ಕಟ್ಟಿ ನೋಡುವ ಅನುಕೂಲ ನಮ್ಮ ಕಾಲಕ್ಕೆ ಒದಗಿದೆ. ಅಲ್ಲಿ ತಪ್ಪಿದರೆ ಅಳಿಸಿ ಮತ್ತೆ ಕಟ್ಟಬಹುದು. ಇಲ್ಲಿ ತಪ್ಪಿದರೆ ಅದರ ಕೆಳಗೆ ಬಾಳುವವರು ಬೆಲೆ ತೆರಬೇಕು.

ಅಭ್ಯಾಸ

1. ತೊಲೆ ಮತ್ತು ಕೊಳವೆಯ ಪ್ರಸಂಗದಲ್ಲಿ ತಪ್ಪು ಉಂಟಾಗಲು ನಿಜವಾದ ಕಾರಣವೇನು?
2. ‘ಗೆರೆಗೆ ತಾನು ಏನೆಂಬುದು ಗೊತ್ತಿಲ್ಲ.’ ಈ ಮಾತನ್ನು ಉದಾಹರಣೆಯೊಡನೆ ವಿವರಿಸಿ.
3. ಚಾರ್ಲ್ಸ್ ಈಸ್ಟ್‌ಮನ್ ಅವರ ಆಲೋಚನೆಯ ಮುಖ್ಯಾಂಶಗಳಾವುವು?
4. ಮೂಲೆಗಳನ್ನು ಸರಿಯಾಗಿ ಕೂಡಿಸದಿದ್ದರೆ 240 ಇಟ್ಟಿಗೆಗಳು ಹೆಚ್ಚಾಗಿ ಬರುವುದು ಹೇಗೆಂದು ಲೆಕ್ಕ ಮಾಡಿ ತೋರಿಸಿ.
5. ಕಾನ್ಸಾಸ್ ಸಿಟಿಯ ದುರಂತದಿಂದ ನಾವು ಕಲಿಯಬೇಕಾದ ಪಾಠವೇನು?
6. ನಿಮ್ಮ ತರಗತಿಯ ಕೋಣೆಯನ್ನು ಅಳೆದು, ಅದರ ಗೋಡೆಗಳ ಘನ ಅಳತೆಯನ್ನು ಕಂಡುಹಿಡಿಯಿರಿ.